ಹದಿಮೂರನೇ ತಾರೀಖು, ಸೋಮವಾರ

೧೯೬೩ರ ಬೇಸಿಗೆ. ನಾನಾಗ ವಿಜಾಪುರದಲ್ಲಿ ರಸ್ತೆ-ಸೇತುವೆ ಕಾಮಗಾರಿಗಳ ಜೂನಿಯರ್ ಎಂಜಿನಿಯರ್. ಮಂಡ್ಯದ ಕಡೆಯಿಂದ ಬಂದು ಎಂಟು ತಿಂಗಳಾಗಿತ್ತು. ಸ್ಟೇಷನ್ ರಸ್ತೆಯ ಖಾನಾವಳಿಯ ಜೋಳದ ರೊಟ್ಟಿ ಒಗ್ಗಿತ್ತು. ಈ ಸೀಮೆ ಪೂರ್ತಿ ಅರ್ಥವಾಯಿತೆಂಬ ಜಂಬವೂ ಬಂದಿತ್ತು.

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ಡೋಣಿ ನದಿ ಸೇರುವ ಒಂದು ಹಳ್ಳಕ್ಕೆ ಇಪ್ಪತ್ತು ಅಡಿಯ ಸೇತುವೆ ಕಟ್ಟುತ್ತಿದ್ದೆವು. ಎರಡೂ ದಂಡೆಯ ಕಲ್ಲುಗೋಡೆ ಎದ್ದಿತ್ತು. ಉಳಿದದ್ದು ಮೇಲಿನ ಸ್ಲ್ಯಾಬ್. ಅದಕ್ಕೆ ಆಸರೆಯಾಗಿ ಹಳ್ಳದ ಪಾತ್ರದಲ್ಲೇ ಮರದ ಸೆಂಟ್ರಿಂಗ್ ನಿಲ್ಲಿಸಿದ್ದೆವು. ಕಾಂಕ್ರೀಟ್ ಹಾಕಿದ ಮೇಲೆ ಇಪ್ಪತ್ತೊಂದು ದಿನ ಅದನ್ನು ಮುಟ್ಟುವಂತಿಲ್ಲ. ಜೂನ್ ಮೊದಲ ವಾರ ದಾಟಿದರೆ ಹಳ್ಳ ಬಂದು ಕಂಬ-ಹಲಗೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ಸೇತುವೆಯ ಮಾತು ಮುಂದಿನ ವರ್ಷಕ್ಕೆ.

ನಾನೇ ಬಾರ್ ಚಾರ್ಟ್ ಬರೆದಿದ್ದೆ. ಯಾವ ಕೆಲಸ ಯಾವ ತಾರೀಖಿಗೆ ಶುರು, ಯಾವ ತಾರೀಖಿಗೆ ಮುಗಿಯಬೇಕು ಎಂದು ಗೆರೆ ಎಳೆದು ತೋರಿಸುವ ಹಾಳೆ ಅದು. ಸ್ಲ್ಯಾಬಿಗೆ ಮೇ ಹದಿಮೂರು. ನಮ್ಮ ವಿಭಾಗಕ್ಕೆ ಇದ್ದದ್ದು ಒಂದೇ ಮಿಕ್ಸರ್. ಹದಿನಾಲ್ಕರ ಬೆಳಿಗ್ಗೆ ಅದು ಬೇರೆ ಕೆಲಸಕ್ಕೆ ಹೋದರೆ ಮೂರು ವಾರ ಮರಳುವುದಿಲ್ಲ.

ಇನ್ನು ನೀರು. ಹಳ್ಳದ ಗುಂಡಿಗಳಲ್ಲಿ ನೀರಿತ್ತು, ಆದರೆ ಸವಳು. ಉಪ್ಪುನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ಸಿಹಿನೀರಿನ ಬಾವಿ ಒಂದೂವರೆ ಮೈಲಿ ದೂರದ ಹಳ್ಳಿಯಲ್ಲಿ. ಅಲ್ಲಿನ ಮಲ್ಲಪ್ಪ ಎಂಬ ಹಿರಿಯ ರೈತರು ಆರು ಗಾಡಿ ಒಪ್ಪಿಕೊಂಡಿದ್ದರು. ಗಾಡಿಗೊಂದು ಪೀಪಾಯಿ, ಮೂರು ಸರ್ತಿ, ಒಟ್ಟು ಹದಿನೆಂಟು.

ಹದಿಮೂರರ ಬೆಳಿಗ್ಗೆ ನಲವತ್ತು ಆಳು ಬಂದರು, ಸಿಮೆಂಟು ಬಂತು, ಮಿಕ್ಸರ್ ಬಂತು. ಗಾಡಿ ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಪಡುವಣ ಬಾನಿನಲ್ಲಿ ಮೋಡ ಬೇರೆ. ಸೊಲ್ಲಾಪುರದ ಕಡೆಯಿಂದ ಸ್ಲ್ಯಾಬಿಗೆಂದೇ ಬಂದಿದ್ದ ಮೇಸ್ತ್ರಿ ಹತ್ತಿರ ಬಂದು, ಕಾಲಬುಡದಲ್ಲೇ ನೀರಿದೆ, ಅದನ್ನೇ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದ. ನಾನು ಬೈದೆ. ಆದರೆ ನಿಜ ಹೇಳುತ್ತೇನೆ, ಬೈಯುವ ಮೊದಲು ಒಂದು ಗಳಿಗೆ ಆ ಗುಂಡಿಯ ಕಡೆ ನೋಡಿದ್ದೆ.

ಸೈಕಲ್ ತುಳಿದು ಹಳ್ಳಿಗೆ ಹೋದೆ. ಮಲ್ಲಪ್ಪನವರು ಎತ್ತಿನ ಮೈ ತೊಳೆದು ಹಣೆಗೆ ವಿಭೂತಿ ಹಚ್ಚುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಮಾತು ಕೊಟ್ಟು ತಪ್ಪಿದಿರಿ, ತಹಶೀಲ್ದಾರರಿಗೆ ಬರೆಯುತ್ತೇನೆ ಎಂದೆಲ್ಲ ಕೂಗಾಡಿದೆ.

ಅವರು ಸಮಾಧಾನವಾಗಿಯೇ ಹೇಳಿದರು: "ಇವತ್ತ ಸ್ವಾಮವಾರ ಐತ್ರಿ ಸಾಹೇಬ್ರ. ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನೊಗಾ ಇಡಂಗಿಲ್ರಿ. ನೀವು ತಾರೀಖ ಹೇಳಿದ್ರಿ, ವಾರ ಹೇಳಲಿಲ್ಲ."

ನಾನು ಪೆಚ್ಚಾದೆ. ಹದಿಮೂರು ಎಂದಿದ್ದೆ, ಅವರು ಆಗಲಿ ಎಂದಿದ್ದರು. ವಾರ, ಅಮಾವಾಸ್ಯೆ, ಹುಣ್ಣಿಮೆ ಲೆಕ್ಕ ಹಿಡಿಯುವ ಮನೆಯಲ್ಲಿ ತಾರೀಖು ಯಾರಿಗೆ ಬೇಕು? ಪ್ರತಿ ಸೋಮವಾರ ನಾನು ಕಚೇರಿಯಲ್ಲಿ ಕೂತು ವರದಿ ಬರೆಯುತ್ತಿದ್ದೆ. ಸೋಮವಾರ ಇಲ್ಲಿ ಗಾಡಿ ಹೂಡುವುದಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಸಾಕಾಗಿ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ: ಮಿಕ್ಸರ್ ನಾಳೆ ಹೋಗುವುದು, ಮೋಡ, ಮೇಸ್ತ್ರಿಯ ಮಾತು. ಸವಳು ನೀರು ಹಾಕಿದರೆ ಎಷ್ಟು ವರ್ಷ ತಾಳುತ್ತದೆ ಎಂದು ಕೇಳಿದರು. ಹತ್ತೋ ಹನ್ನೆರಡೋ, ಆಮೇಲೆ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬ್ ಒಡೆಯಬಹುದು ಎಂದೆ.

ಅವರು ವಿಭೂತಿಯ ಕೈ ಒರೆಸಿಕೊಂಡು ಎದ್ದರು. "ಸೂಟಿ ಎತ್ತಿಗಿ ಐತ್ರಿ. ನಮಗ ಯಾರ ಕೊಟ್ಟಾರ?"

ರಜೆ ಎತ್ತಿಗಷ್ಟೇ ಎಂದು ಓಣಿಯ ಗಂಡಸರನ್ನು ಕರೆದರು. ಗಾಡಿಗೆ ನಾಲ್ವರು: ನೊಗಕ್ಕೆ ಇಬ್ಬರು, ಹಿಂದಿನಿಂದ ನೂಕಲು ಇಬ್ಬರು. ಹತ್ತೂವರೆಗೆ ಮೊದಲ ಪೀಪಾಯಿ ಹಳ್ಳ ಮುಟ್ಟಿತು, ಮಿಕ್ಸರ್ ತಿರುಗಿತು. ಒಮ್ಮೆ ಶುರುವಾದ ಸ್ಲ್ಯಾಬ್ ನಡುವೆ ನಿಲ್ಲುವಂತಿಲ್ಲ. ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ. ಮಧ್ಯಾಹ್ನ ಒಂದು ಗಾಡಿಯ ನೊಗ ಹೊತ್ತವನೊಬ್ಬ ಬಸವಳಿದು ಕೂತಾಗ ಮೇಸ್ತ್ರಿಗೆ ಕೆಲಸ ಒಪ್ಪಿಸಿ, ಆ ನೊಗಕ್ಕೆ ಮಲ್ಲಪ್ಪನವರ ಜೊತೆ ನಾನೇ ಹೆಗಲು ಕೊಟ್ಟೆ. ಒಂದೇ ಒಂದು ಸರ್ತಿ. ಏರಿನಲ್ಲಿ ಕಣ್ಣು ಕತ್ತಲೆ ಬಂತು. ಹೊತ್ತು ಮುಳುಗುವ ಮೊದಲು ಕಾಂಕ್ರೀಟಿನ ಕೊನೆಯ ಬುಟ್ಟಿ ಬಿತ್ತು. ಮೋಡ ಎರಡು ಹನಿ ಉದುರಿಸಿ ಹೋಯಿತು.

ಸೆಂಟ್ರಿಂಗ್ ಬಿಚ್ಚಿದ ಐದನೇ ದಿನ ಹಳ್ಳ ದಂಡೆ ತುಂಬಿ ಬಂತು. ಸೇತುವೆ ನಿಂತಿತು.

ಆಮೇಲೆ ಮೂವತ್ತು ವರ್ಷ ದೊಡ್ಡ ದೊಡ್ಡ ಕಾಮಗಾರಿಗಳ ಚಾರ್ಟ್ ಬರೆದೆ. ಗೆರೆ ಎಳೆಯುವ ಮೊದಲು ಭಾರ ಹೊರುವವರನ್ನು ಕೇಳಿಕೊಂಡು ಬರುತ್ತಿದ್ದೆ. ಅದನ್ನು ಕಲಿಸಿದ್ದು ಆ ಸೋಮವಾರದ ಸಂಜೆ. ಅಂಗಿ ತೆಗೆದಾಗ ನನ್ನ ಹೆಗಲ ಚರ್ಮ ಸುಲಿದು ಬಟ್ಟೆಗೆ ಅಂಟಿಕೊಂಡಿತ್ತು. ಮಲ್ಲಪ್ಪನವರು ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತ, ನಗದೆ, ಮೆಲ್ಲಗೆ ಕೇಳಿದರು:

"ವಾರಕ್ಕ ಒಂದ ದಿನಾ ಯಾಕ ಬಿಡ್ತೀವಿ ಅಂತ ಈಗ ತಿಳೀತೇನ್ರಿ?"