ಮುಟಾಲೆಯವರ ಕೊನೆಯ ಚುನಾವಣೆ

ಮುಟಾಲೆಯವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಲಂಡನ್ನಿನ ಹ್ಯಾರೋದಲ್ಲಿ ನಮ್ಮದೂ ಅವರ ಮಗಳು ಗ್ರೇಸ್‌ಳದೂ ಜೋಡಿಮನೆ, ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವರು ಜಾಂಬಿಯಾಕ್ಕೆ ಫೋನ್ ಹಚ್ಚಿದರೆ, ಭಾಷೆಯ ಒಂದಕ್ಷರ ತಿಳಿಯದಿದ್ದರೂ ನಾನು ನಮ್ಮ ಅಡುಗೆಮನೆಯಲ್ಲಿ ನಿಂತು ಅವರ ರಾಜಕೀಯವನ್ನೆಲ್ಲ ಕೇಳುತ್ತಿದ್ದೆ. “ಆಕಿಗೆ ಫೋನ್ ಯಾಕ ಬೇಕು? ಕಿಟಕಿ ತಗದ್ರ ಸಾಕು, ಆಫ್ರಿಕಾಕ್ಕ ಕೇಳಸ್ತದ,” ಎನ್ನುತ್ತಿದ್ದರು ನನ್ನ ಯಜಮಾನರು.

ದೊಡ್ಡದೊಂದು ಸರೋವರದ ದಂಡೆಯ ಸಂತೆಯಲ್ಲಿ ಒಣಮೀನು ಮಾರುತ್ತಿದ್ದವರು ಅವರು. ಸಂತೆಯ ಹೆಂಗಸರಿಗೆ ನಲ್ಲಿ ಬೇಕು, ಶೌಚಾಲಯ ಬೇಕು ಎಂದು ಕಚೇರಿಗಳಿಗೆ ಅಲೆದು ಅಲೆದೇ ಮುಂದಾಳಾದರು. ಎರಡು ಸಲ ಪಾರ್ಲಿಮೆಂಟಿಗೆ ಆರಿಸಿ ಬಂದರು. ಗ್ರೇಸ್ ಆಗ ಶಾಲೆಯ ಹುಡುಗಿ. ಮೂರನೆಯ ಸಲ ಸೋತರು. ಆಮೇಲೆ ಟಿಕೆಟ್ಟೇ ಸಿಗಲಿಲ್ಲ. ವಯಸ್ಸಾದ ಮೇಲೆ, ಒಂದಷ್ಟು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದಿದ್ದರು. ಅವರ ನಿಧಾನದ ಇಂಗ್ಲಿಷು ಯಾಕೋ ನನ್ನ ಕಿವಿಗೆ ಧಾರವಾಡದ ಮಾತಾಗಿಯೇ ಇಳಿಯುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಒಮ್ಮೆ ನಮ್ಮ ಬೀದಿಯ ಪುಟ್ಟ ಲೈಬ್ರರಿ ಮುಚ್ಚುವ ವಿಚಾರಕ್ಕೆ ಚರ್ಚ್ ಹಾಲಿನಲ್ಲಿ ಸಭೆ ಸೇರಿತ್ತು. ನಾವೆಲ್ಲ ತೆಪ್ಪಗೆ ಕೂತಿದ್ದೆವು. ಮುಟಾಲೆ ಎದ್ದು ನಿಂತರು. “ಕ್ಷಮಿಸಿ, ನೀವು ಇಲ್ಲಿಯ ಮತದಾರರಲ್ಲ ಅಲ್ಲವೇ?” ಎಂದು ವೇದಿಕೆಯ ಮೇಲಿದ್ದವರು ನಯವಾಗಿ ಕೇಳಿದರು.

“ಅಲ್ರೀ. ಇವರಿಗೆ ಬಾಯಿಲ್ಲ, ನನಗ ವೋಟಿಲ್ಲ. ಎಲ್ಲಾರೂ ಕೂಡಿ ಒಬ್ಬ ಪೂರಾ ಮನಷ್ಯಾ ಅಂತ ಹಿಡೀರಿ.”

ಹಾಲಿಗೆ ಹಾಲೇ ನಕ್ಕಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನೂ ಎದ್ದು ಎರಡು ಮಾತಾಡಿದೆ. ಲೈಬ್ರರಿಯನ್ನೇನೋ ಮುಚ್ಚಿಯೇ ಬಿಟ್ಟರು.

ಆ ಚಳಿಗಾಲದಲ್ಲಿ ಅವರ ದನಿ ಒಡೆಯಿತು. ನೆಗಡಿಯೆಂದು ನಾವು ಶುಂಠಿ ಕಷಾಯ ಕುಡಿಸಿದೆವು. ಅದು ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆದರೆ ಬದುಕಬಹುದು, ತಡಮಾಡಬೇಡಿ ಎಂದರು ಡಾಕ್ಟರು. ಅದೇ ವಾರ ಊರಿನಿಂದ ಪಕ್ಷದವರ ಫೋನ್ ಬಂತು: ಈ ಸಲ ಟಿಕೆಟ್ ನಿಮಗೇ.

ಗ್ರೇಸ್ ನನ್ನನ್ನು ಎಳೆದುಕೊಂಡು ಹೋಗಿ ಅಮ್ಮನ ಎದುರು ಕೂರಿಸಿದಳು. “ಆಂಟಿ, ನೀವಾದರೂ ಹೇಳಿ. ಅವಳಿಗೆ ದನಿ ಇಲ್ಲದಿದ್ದರೂ ಪರವಾಗಿಲ್ಲ. ನನಗೆ ಅಮ್ಮ ಬೇಕು.”

ಮುಟಾಲೆ ನನ್ನ ಕಡೆ ತಿರುಗಿದರು. “ನನ್ನ ತಂಗಿ ಹೆರಿಗಿಗಂತ ನಮ್ಮ ಸರೋವರದಾಗಿನ ದ್ವೀಪದಿಂದ ದಂಡಿಗೆ ಬರೂ ಮುಂದ ನೀರಿನ ನಡುವನ ಸತ್ಲು. ಆ ದ್ವೀಪದಾಗ ಹೆರಿಗಿ ಆಸ್ಪತ್ರಿ ಕಟ್ಟಸಾಕ ಹತ್ತಿದ್ದೆ. ಗ್ವಾಡಿ ಎದ್ದಾವು, ಮ್ಯಾಲೆ ತಗಡಿಲ್ಲ. ನಾ ಸೋತ ಮ್ಯಾಲೆ ಯಾರೂ ಆ ಕಡೆ ಹೊಳ್ಳಿ ನೋಡಿಲ್ಲ. ಇದೊಂದು ಚುನಾವಣಿ ಮುಗಿಸಿ ಬರ್ತೀನಿ. ಆಮ್ಯಾಲೆ ಗಂಟಲಾ ಕೊಯ್ಕೊಳ್ರಿ.”

ಗ್ರೇಸ್ ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು. ಏರ್‌ಪೋರ್ಟಿಗೆ ಅವರನ್ನು ಬಿಟ್ಟು ಬಂದದ್ದು ನಾವು.

ಪ್ರಚಾರದ ಕೊನೆಗೆ ಅವರ ಗಂಟಲಿನಿಂದ ಬರೀ ಉಸಿರು ಬರುತ್ತಿತ್ತಂತೆ. ಅವರು ಪಿಸುಗುಟ್ಟಿದ್ದನ್ನು ಸಂತೆಯ ಹೆಂಗಸರು ಕೂಗಿ ಜನಕ್ಕೆ ಮುಟ್ಟಿಸುತ್ತಿದ್ದರಂತೆ. ಮತದಾನದ ದಿನ ಬಿರುಗಾಳಿ. ದ್ವೀಪದ ಹೆಂಗಸರು ನೀರು ದಾಟಿ ಮತಗಟ್ಟೆಗೆ ಬರಲು ಆಗಲೇ ಇಲ್ಲ. ಮುಟಾಲೆ ಸ್ವಲ್ಪದರಲ್ಲಿ ಸೋತರು.

ಹ್ಯಾರೋಗೆ ಮರಳಿದಾಗ ರೋಗ ಎಲ್ಲ ಕಡೆ ಹಬ್ಬಿತ್ತು. ಆಪರೇಷನ್ನಿನ ಮಾತೇ ಇರಲಿಲ್ಲ. ಗ್ರೇಸ್ ಕೆಲಸಕ್ಕೆ ರಜೆ ಹಾಕಿ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಬಾಯಿ ಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ನಾನು ಕೊನೆಯ ಸಲ ಹೋದ ಮಧ್ಯಾಹ್ನ ಮುಟಾಲೆ ಮಂಪರಿನಲ್ಲಿದ್ದರು. ತುಟಿ ಅಲುಗಿತು. ಗ್ರೇಸ್ ಬಗ್ಗಿ ಕಿವಿಯಿಟ್ಟಳು, ಏನೋ ಉತ್ತರ ಕೊಟ್ಟಳು. ಮರುದಿನ ಅವರು ಹೋದರು.

ಮಣ್ಣು ಮಾಡಿ ಬಂದ ಮೇಲೆ ಗ್ರೇಸ್ ನಮ್ಮ ಅಡುಗೆಮನೆಯಲ್ಲಿ ಕೂತಳು. ನಾನಿಟ್ಟ ಚಹಾ ಆರುತ್ತಿತ್ತು.

“ನನ್ನ ಹೆಸರು ಕರೀತಾಳೆ ಅಂತ ಬಗ್ಗಿದೆ ಆಂಟಿ. ಅವಳು ಕೇಳಿದ್ದು, ‘ಎಣಿಕೆ ಮುಗಿಯಿತಾ?’ ಅಂತ.”

ನಾನು ಅವಳ ಕೈ ಹಿಡಿದುಕೊಂಡೆ.

“ಚಿಕ್ಕವಳಿದ್ದಾಗ ಅವಳು ಗೆದ್ದಾಗಲೆಲ್ಲ ನಾನು ಅತ್ತಿದ್ದೇನೆ. ಮತ್ತೆ ಮನೆ ಬಿಟ್ಟು ಹೋಗ್ತಾಳೆ ಅಂತ.”

“ಅಮ್ಮಗ ಏನಂತ ಹೇಳಿದಿ?”

“ನೀನೇ ಗೆದ್ದೆ ಅಮ್ಮ, ಅಂದೆ.”