ಕಂಪ್ಯೂಟರಿನೊಳಗಿನ ಹಲ್ಲಿ

ಅಜ್ಜಂಪುರದ ನಮ್ಮ ಮನೆಯಲ್ಲಿ ಹಳೇ ಕಂಪ್ಯೂಟರು ನಡುಮನೆಯ ಮೂಲೆಯಲ್ಲಿತ್ತು. ನಾನು ಅದರ ಮುಂದೆ ಕೂತಾಗಲೇ ಅವ್ವನಿಗೆ ಮಾತು ನೆನಪಾಗುವುದು. ಅವಳು ಬಾಯಿ ತೆರೆದರೆ ಸಾಕು, ಆ ಮೂಲೆಯಿಂದ ಲೊಚ್ ಲೊಚ್ ಸದ್ದು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂಬುದು ನಮ್ಮ ಕಡೆಯ ಕಾನೂನು. ಅವ್ವ ತಕ್ಷಣ ಬೆರಳಿನಿಂದ ನೆಲ ಕುಟ್ಟಿ, "ಶಿವ ಶಿವ! ನೋಡ್ದೇನೋ, ಹಲ್ಲಿನೇ ಹೇಳ್ತು" ಅನ್ನುವಳು. ತಂಗಿಗೆ ತರೀಕೆರೆಯ ಗಂಡೇ ಸರಿ ಎಂದು ತೀರ್ಮಾನವಾಗಿದ್ದು ಹೀಗೆ. ನನಗೆ ಬುದ್ಧಿಯಿಲ್ಲ ಎಂಬುದೂ ಹೀಗೆಯೇ ಸಾಬೀತಾಯಿತು.

ಈ ಹಲ್ಲಿಗೆ ನನ್ನ ಮೇಲೇನು ಹಗೆಯೋ ಎಂದು ರೇಗಿ, ಒಂದು ದಿನ ಪೊರಕೆ ಹಿಡಿದು ಹುಡುಕಿದೆ. ಹಲ್ಲಿಯ ಬಾಲವೂ ಸಿಗಲಿಲ್ಲ. ಸದ್ದು ಬರುತ್ತಿದ್ದುದು ಕಂಪ್ಯೂಟರಿನ ಡಬ್ಬದೊಳಗಿಂದ! ಕಡೂರಿನ ರಿಪೇರಿಯವರಿಗೆ ಫೋನ್ ಮಾಡಿ ಆ ಸದ್ದನ್ನೇ ಕೇಳಿಸಿದೆ.

"ಹಾರ್ಡ್‌ಡಿಸ್ಕ್ ಹೋಗ್ತಾ ಐತೆ ಸಾರ್. ಬಸ್ಸಲ್ಲಿ ತರ್ಬೇಡಿ, ಕುಲುಕಿದ್ರೆ ಮುಗೀತು. ಬೇಕಾಗಿದ್ದನ್ನ ಈಗ್ಲೇ ಪೆನ್‌ಡ್ರೈವಿಗೆ ಹಾಕ್ಕಳಿ."

ತೀರಿಹೋದ ಅಪ್ಪನ ದನಿ ಉಳಿದಿದ್ದುದು ಅದೊಂದರಲ್ಲೇ. ಹೊಸ ಮೈಕು ತಂದ ದಿನ ಪರೀಕ್ಷೆಗೆಂದು ಮಾತಾಡಿದ್ದ.

"ಅದು ಹಲ್ಲಿಯಲ್ಲ ಕಣವ್ವಾ, ಡಿಸ್ಕು ಸಾಯ್ತಾ ಐತೆ. ಅಪ್ಪನ ಮಾತು ಅದ್ರಾಗೈತೆ" ಎಂದೆ.

"ಏನಾದ್ರೂ ಆಗಿರ್ಲಿ, ನಿಮ್ಮಪ್ಪನ್ ಮಾತು ಉಳಿಸ್ಕೊಡೋ" ಎಂದಳು.

ಕಾಪಿ ಶುರುವಾಯಿತು. ಪರದೆಯ ಹಸಿರು ಗೆರೆ ಬಸವನಹುಳುವಿನಂತೆ ತೆವಳಿ, ಅರ್ಧಕ್ಕೆ ನಿಂತೇಬಿಟ್ಟಿತು. ಒಳಗೆ ಲೊಚ್ ಲೊಚ್. ನಾನು ಡಬ್ಬದ ಜನ್ಮ ಜಾಲಾಡಿದೆ.

"ಬೈಬೇಡ ಕಣೋ, ಪಾಪ, ಉಸಿರು ಹಿಡ್ಕಂಡೈತೆ" ಎಂದು ಅವ್ವ ಅದರ ತಲೆ ಸವರಿದಳು. ಡಬ್ಬಕ್ಕೆ ಏನನ್ನಿಸಿತೋ, ಗೆರೆ ಮತ್ತೆ ಹೊರಟು ದಡ ಮುಟ್ಟಿತು.

ಕೂಡಲೇ ಪೆನ್‌ಡ್ರೈವಿನಿಂದ ಅಪ್ಪನ ಮಾತು ಹಾಕಿದೆ. ಮೊದಲು ಗೊರಗೊರ, ಒಂದು ಕೆಮ್ಮು, ಆಮೇಲೆ ಅಪ್ಪ: "ಹಲೋ, ಹಲೋ. ನನ್ ಹೆಂಡ್ತಿ ಮಾಡೋ ಸಾರಿಗೆ ಯಾವತ್ತೂ ಉಪ್ಪಿರಲ್ಲ. ಇದು ರೆಕಾರ್ಡ್ ಆಗ್ಲಿ."

ಅವ್ವ ಎದ್ದೇ ನಿಂತಳು. ಕಣ್ಣಲ್ಲಿ ನೀರು, ಸೊಂಟದ ಮೇಲೆ ಕೈ. "ಸುಳ್ಳು ಕಣ್ರೀ! ಎರಡೆರಡು ಸಲ ಬಡಿಸ್ಕಂಡು ತಿಂತಿದ್ರಿ!"

ಲೊಚ್ ಎಂದಿತು ಡಬ್ಬ.

ಅವ್ವ ಬಗ್ಗಿ ನೆಲ ಕುಟ್ಟಿದಳು. "ಶಿವ ಶಿವ! ಕೇಳ್ಸ್ತೇನ್ರೀ?"

ಮಾರನೇ ಬೆಳಿಗ್ಗೆ ಕಂಪ್ಯೂಟರು ಏಳಲೇ ಇಲ್ಲ. ಮಧ್ಯಾಹ್ನದ ಸಾರಿಗೆ ಮಾತ್ರ ಅವ್ವ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿದ್ದಳು.