ದಾಕ್ಷಿಣ್ಯದ ಒಂದು ಮಾತಿಗೆ ಹನ್ನೊಂದು ವರ್ಷ

ಬಾಯಿಯ ಕ್ಯಾನ್ಸರಿನ ಸಂಶೋಧನೆಯಲ್ಲಿ ಹಸಿರು ಚಹಾದ ಮಾತು ಬಂದಾಗಲೆಲ್ಲ ಆಕ್ಲೆಂಡಿನ ಡಾ. ಉದಯಶಂಕರ್ ಅವರ ಹೆಸರೂ ಬರುತ್ತದೆ. ದಾವಣಗೆರೆಯಲ್ಲಿ ದಂತವೈದ್ಯ ಪದವಿ ಪಡೆದು, ಮೂವತ್ತು ವರ್ಷಗಳ ಹಿಂದೆ ಈ ದೇಶಕ್ಕೆ ಬಂದು, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಆಯುಷ್ಯ ಕಳೆದ ಅವರು ಈ ಮಾರ್ಚ್‌ನಲ್ಲಿ ನಿವೃತ್ತರಾದರು. ಅವರ ಅಭಿನಂದನಾ ಸಂಪುಟದ ಸಂಪಾದಕರು ಶಿಷ್ಯರಾದ ನಮ್ಮಿಂದ ಅವರ ಮೊದಲ ಪ್ರಬಂಧವನ್ನು ಕೊಂಡಾಡುವ ಲೇಖನ ಕೇಳಿದ್ದರು. ಇಲ್ಲಿನ ಕನ್ನಡ ಸಂಘದಲ್ಲಿದ್ದ ನರಸಿಂಹ ಅವರ ವಿಷಯವನ್ನು ಮುಚ್ಚಿಡದೆ ಬರೆಯುವುದಾದರೆ ಮಾತ್ರ ಬರೆಯಲಿ ಎಂದು ಉದಯಶಂಕರ್ ಅವರೇ ಹೇಳಿಕಳುಹಿಸಿದರು.

ಆ ಪ್ರಬಂಧ ಸಣ್ಣದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಸಿರು ಚಹಾದಿಂದ ಬೇರ್ಪಡಿಸಿದ ಸಾರವನ್ನು ಹಾಕಿದರೆ ಅವು ಸಾಯುತ್ತವೆ ಎಂಬುದಷ್ಟೇ ಅದರ ತಿರುಳು. ತಟ್ಟೆಯಲ್ಲಿ ಆದದ್ದು ಮನುಷ್ಯನ ಬಾಯಲ್ಲಿ ಆಗಬೇಕೆಂದಿಲ್ಲ ಎಂದೂ ಅವರು ಬರೆದಿದ್ದರು. ಸುದ್ದಿ ಮಾಡಿದವರು ಆ ಸಾಲನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹಾಕಿದರು. ಆಕ್ಲೆಂಡಿನ ಬಾಟನಿ ಡೌನ್ಸ್ ಬಡಾವಣೆಯ ಕನ್ನಡಿಗರು ಹಿಗ್ಗಿ ಹೀರೇಕಾಯಿಯಾಗಿ, ಸಭಾಂಗಣ ಹಿಡಿದು ಸನ್ಮಾನ ಇಟ್ಟುಕೊಂಡರು. ಶಾಲು, ಹಣ್ಣು, ತೆಂಗಿನಕಾಯಿ, ಜೊತೆಗೆ ಅಡಿಕೆ! ಅಡಿಕೆ ಬಾಯಿಗೆ ಮಾಡುವ ಕೇಡನ್ನೇ ಓದಿಕೊಂಡು ಬಂದವರ ಕೈಗೆ ಆ ಸನ್ಮಾನದ ತಟ್ಟೆ ಕೊಟ್ಟವರು ಸಂಘದ ಹಿರಿಯರಾದ ನರಸಿಂಹ. ಊಟದ ಮೇಲೆ ಅಡಿಕೆ ಬೀಳದಿದ್ದರೆ ಅವರಿಗೆ ಊಟ ಮುಗಿದಂತೆಯೇ ಅಲ್ಲ.

"ಡಾಕ್ಟ್ರೇ, ಹಾಗಾದ್ರೆ ನಾನು ಅಡಿಕೆ ಬಿಡಬೇಕಾ?" ಎಂದು ತುಂಬಿದ ಸಭೆಯಲ್ಲಿ ಅವರು ನಗುತ್ತ ಕೇಳಿದರು.

ಬಿಡಬೇಕು ಎಂದರೆ ಮುಗಿದಿತ್ತು. ಆದರೆ ಅವರೇ ಹೊದಿಸಿದ ಶಾಲು ಹೆಗಲ ಮೇಲಿರುವಾಗ ಹಿರಿಯರ ಮುಖಕ್ಕೆ ಹೊಡೆದಂತೆ ಹೇಳುವುದು ಹೇಗೆ?

"ಕಡಿಮೆ ಮಾಡಿ ಅಂಕಲ್. ಹಾಕ್ಕೊಂಡ್ರೆ ಮೇಲೊಂದು ಕಪ್ ಗ್ರೀನ್ ಟೀ ಕುಡೀರಿ," ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು.

ನರಸಿಂಹ ಅದನ್ನು ಔಷಧದ ಚೀಟಿಯೆಂದೇ ತಿಳಿದರು. ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಾಗಲೂ ಯಾರಿಗೂ ತೋರಿಸದೆ ದಿನಕ್ಕೆ ಆರು ಕಪ್ ಚಹಾ ಕುಡಿದರು. ಹೆಂಡತಿ ಶಾಂತಾ ಗದರಿದರೆ, "ನಮ್ಮ ಡಾಕ್ಟ್ರೇ ಹೇಳಿದಾರೆ ಕಣೆ," ಎನ್ನುತ್ತಿದ್ದರು. ಹತ್ತು ತಿಂಗಳ ಮೇಲೆ ಆಸ್ಪತ್ರೆಗೆ ಹೋದಾಗ ಕ್ಯಾನ್ಸರ್ ಕತ್ತಿಗೂ ಹಬ್ಬಿತ್ತು. ಮರುವರ್ಷ ತೀರಿಕೊಂಡರು.

ಉದಯಶಂಕರ್ ಅವರನ್ನು ಸಂಘದಲ್ಲಿ ಯಾರೂ ದೂರಲಿಲ್ಲ. ಅದನ್ನೇ ಅವರಿಂದ ತಡೆದುಕೊಳ್ಳಲಾಗಲಿಲ್ಲ. ತಾವು ಆಡಿದ ಮಾತಿನಲ್ಲಿ ಎಳ್ಳಷ್ಟಾದರೂ ಹುರುಳಿತ್ತೇ ಎಂದು ತಿಳಿಯಲು ಹನ್ನೊಂದು ವರ್ಷ ಸವೆಸಿದರು. ಬಾಯಲ್ಲಿ ಬಿಳಿ ಮಚ್ಚೆಯಿದ್ದ ಇನ್ನೂರು ಜನರಲ್ಲಿ ಅರ್ಧದಷ್ಟು ಮಂದಿ ಚಹಾದ ಸಾರದಿಂದ ಬಾಯಿ ಮುಕ್ಕಳಿಸಿದರು, ಉಳಿದವರು ಅದೇ ಬಣ್ಣದ ಬರಿಯ ನೀರಿನಿಂದ. ಎರಡೂ ಕಡೆ ಕ್ಯಾನ್ಸರ್ ಒಂದೇ ಪ್ರಮಾಣದಲ್ಲಿ ಬಂತು. ಕೆಲವರಲ್ಲಿ ಮಚ್ಚೆ ಕುಗ್ಗಿದೆಯಲ್ಲ, ಅದನ್ನಷ್ಟೇ ಪ್ರಕಟಿಸಿ ಎಂದು ವಿಭಾಗದ ಮುಖ್ಯಸ್ಥರು ಸೂಚಿಸಿದಾಗ ಅವರು ಒಪ್ಪಲಿಲ್ಲ. ಮೂರು ಸಂಶೋಧನಾ ಪತ್ರಿಕೆಗಳು ಹಿಂದಿರುಗಿಸಿದ ಆ ಪ್ರಬಂಧ ನಾಲ್ಕನೆಯದರಲ್ಲಿ ಬಂದಾಗ ಓದಿದವರು ಬೆರಳೆಣಿಕೆಯಷ್ಟು. ಅನುದಾನ ನಿಂತು ಪ್ರಯೋಗಾಲಯ ಬೇರೆಯವರ ಪಾಲಾಯಿತು. ಕೆಲಸ ಕಳೆದುಕೊಂಡ ಶಿಷ್ಯೆ ಅನನ್ಯಾಗೆ ಬೇರೆ ಕಡೆ ನೆಲೆ ಸಿಗುವವರೆಗೆ, ತಮ್ಮ ಚಿಂತೆ ಬದಿಗಿಟ್ಟು, ಕಂಡಕಂಡವರಿಗೆಲ್ಲ ಪತ್ರ ಬರೆದರು.

ಈಗ ಅವರು ತಿಂಗಳಿಗೊಂದು ಭಾನುವಾರ ಸಂಘದ ಕೂಟಕ್ಕೆ ಬಂದು, ಟಾರ್ಚ್ ಹಿಡಿದು ಜನರ ಬಾಯಿ ನೋಡುತ್ತಾರೆ. ಸಂಕೋಚಪಡುವ ಹಿರಿಯರನ್ನು ಕೈಹಿಡಿದು ಎಳೆತರುವವರು ಶಾಂತಾ. ಮೊನ್ನೆ ಈ ಸಂಪುಟದ ಮಾತು ಬಂದಾಗ ಉದಯಶಂಕರ್ ಅವರು ಇಷ್ಟು ವರ್ಷ ಕೇಳದ್ದನ್ನು ಕೇಳಿದರು.

"ನಿಮ್ಮೆದುರು ಸನ್ಮಾನ ಮಾಡಿಸ್ಕೊಳ್ಳೋಕೆ ನಾಚಿಕೆ ಆಗತ್ತೆ, ಆಂಟಿ. ನನ್ನನ್ನ ಕ್ಷಮಿಸಿದ್ದೀರಾ?"

"ಇಲ್ಲ," ಎಂದರು ಶಾಂತಾ. "ಕ್ಷಮಿಸಿದ್ರೆ ನೀವು ಮನೇಲಿ ಕೂತ್ಬಿಡ್ತೀರಿ. ಬನ್ನಿ, ಇವರ ಬಾಯಿ ನೋಡಿ."

ಡಾ. ಉದಯಶಂಕರ್ ಅವರಿಗೆ ನೂರು ವರ್ಷ ಆಯುಸ್ಸಿರಲಿ, ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಅವರಿಗೆ ವಿಶ್ರಾಂತಿ ದೊರೆಯಲೆಂದು ಹಾರೈಸುವ ಧೈರ್ಯ ಮಾತ್ರ ಅವರ ಶಿಷ್ಯರಲ್ಲಿ ಯಾರಿಗೂ ಇಲ್ಲ.